ಕಿಣ್ವ ಕಡಿಮೆ ಅಂದರೆ ವಂಶದ ದೋಷವಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹುಟ್ಟಿನಿಂದ ಬರುವ ಕಾಯಿಲೆಗಳ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಬರಹ ಚೆನ್ನಾಗಿತ್ತು, ವಿಷಯವೂ ಬೇಕಾದದ್ದೇ. ಆದರೆ ಅದರಲ್ಲಿ ‘ದೋಷಪೂರಿತ ಜೀನ್’ ಅನ್ನುವ ಮಾತು ಏಳು ಕಡೆ ಇದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಕೆಂಪು ರಕ್ತಕಣ ಒಡೆಯದಂತೆ ಕಾಯುವ ಜಿ6ಪಿಡಿ ಎಂಬ ಕಿಣ್ವ (ಎನ್‌ಜೈಮ್) ಕಡಿಮೆ ಇರುವ ಮಕ್ಕಳ ಬಗ್ಗೆ ಬರೆದ ಸಣ್ಣ ಭಾಗದಲ್ಲೇ ಮೂರು ಸಲ ಇದೆ. ಮಗಳ ಕಣ್ಣಿಗೆ ಬೀಳದಿರಲಿ ಎಂದು ಆ ಪುಟವನ್ನು ಮಡಚಿ ಇಟ್ಟಿದ್ದೆ. ಸಂಜೆಯೊಳಗೆ ಅವಳು ಓದಿಯೇ ಬಿಟ್ಟಿದ್ದಳು.

ನಾನು ಕುಮಟಾದವಳು. ಮೂವತ್ತು ವರ್ಷಕ್ಕೂ ಜಾಸ್ತಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟಿದ್ದೇನೆ. ತವರು ಶಿರಸಿ ಕಡೆಯ ಹಳ್ಳಿ. ನನ್ನ ಮೊಮ್ಮಗನಿಗೆ ಈಗ ಎರಡು ವರ್ಷ. ಹುಟ್ಟಿದ ಮೂರನೇ ದಿನ ಅವನ ಕಣ್ಣು, ಮೈ, ಅಂಗಾಲು ಎಲ್ಲ ಅರಿಸಿನ ಬಳಿದ ಹಾಗೆ ಆಯಿತು. ಎಳೆಮಕ್ಕಳಿಗೆ ಕಾಮಾಲೆ ಬರುವುದು ಇದ್ದದ್ದೇ ಎಂದು ನಾನೇ ಮಗಳಿಗೆ ಧೈರ್ಯ ಹೇಳಿದೆ. ಇಳಿಯಲಿಲ್ಲ. ನೀಲಿ ಲೈಟಿನ ಕೆಳಗೆ ಮಲಗಿಸಿದರು, ರಕ್ತ ತೆಗೆದರು. ಎರಡು ದಿನ ಬಿಟ್ಟು ಒಬ್ಬರು ಫೈಲು ನೋಡುತ್ತ, ತಲೆ ಎತ್ತದೆ ಹೇಳಿದರು: “ಜಿ6ಪಿಡಿ ಕಡಿಮೆ. ಇದು ತಾಯಿ ಕಡೆಯಿಂದ ಬರುವ ದೋಷ.” ಅಷ್ಟೇ. ಏನು ಕೊಡಬಾರದು, ಯಾವುದರಿಂದ ದೂರ ಇಡಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಸಹ ಕೈಗೆ ಬರಲಿಲ್ಲ.

ಮಗು ಗುಣವಾಗಿ ಮನೆಗೆ ಬಂತು. ಆ ಮಾತು ಮಾತ್ರ ನಮಗಿಂತ ಮುಂಚೆ ಬಂದು ಮನೆಯಲ್ಲಿ ಕೂತಿತ್ತು. ತೊಟ್ಟಿಲಿಗೆ ಹಾಕುವ ದಿನ ಹತ್ತಿರದ ನೆಂಟರೊಬ್ಬರು ಎಲೆ ಅಡಿಕೆ ಮಡಚುತ್ತ ಅಂದರು, “ತಾಯಿ ಕಡೆ ರಕ್ತವೇ ಹಂಗಂತೆ, ಮೊದಲೇ ವಿಚಾರಿಸಿ ಸಂಬಂಧ ಮಾಡಬೇಕಿತ್ತು.” ನನ್ನ ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಳು. ಕೇಳಿಸಿಕೊಂಡಳು. ಆ ಮೇಲೆ ಎಷ್ಟೋ ದಿನ ಮಗುವಿಗೆ ಹಾಲು ಕೊಡುವಾಗಲೂ ತಾನು ಏನೋ ತಪ್ಪು ಮಾಡಿದವಳ ಹಾಗೆ ಇರುತ್ತಿದ್ದಳು.

ಅವಳಿಗೆ ನಾನು ಹೇಳಿದ್ದು ಹಣ್ಣಿನ ನೊಣದ ಕಥೆ. ಅದನ್ನೇ ನಿಮ್ಮ ಓದುಗರಿಗೂ ಹೇಳಬೇಕು ಅನ್ನಿಸಿತು.

ಯಾವ ನೊಣ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂಕೋಲೆಯ ಇಶಾಡು ಮಾವಿನ ಒಳಗೆ ಮೊಟ್ಟೆ ಇಟ್ಟು ಹುಳ ಮಾಡುತ್ತದಲ್ಲ, ಆ ದೊಡ್ಡ ನೊಣ ಬೇರೆ. ನಾನು ಹೇಳುತ್ತಿರುವುದು ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಏಳುವ, ಎಳ್ಳುಕಾಳಿನಷ್ಟೇ ಇರುವ ಕೆಂಪುಕಣ್ಣಿನ ನೊಣ. ಡ್ರೊಸೋಫಿಲ. ಗೇರು ಹಣ್ಣಿನ ಕಾಲದಲ್ಲಿ ಬೆಟ್ಟದ ಬುಡಕ್ಕೆ ಹೋದರೆ ಹುಳಿ ವಾಸನೆಯ ಜೊತೆ ಇವೂ ಮುಖಕ್ಕೆ ಬರುತ್ತವೆ.

1981ರಿಂದ 83ರವರೆಗೆ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್‌ಸಿ ಓದಿದೆ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಈ ನೊಣಗಳನ್ನು ಬಾಟಲಿಗಳಲ್ಲಿ ಸಾಲು ಸಾಲಾಗಿ ಸಾಕುತ್ತಿದ್ದರು. ಅವಕ್ಕೆ ಊಟ ನಾವೇ ಮಾಡಬೇಕು. ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಗೋಧಿ ರವೆ, ಸ್ವಲ್ಪ ಅಗರ್. ಕುದಿಸಿ, ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ ಹಾಕುವುದು. ಆಮ್ಲ ಹಾಕುವ ತನಕ ಇಡೀ ಲ್ಯಾಬು ಶಿರಾ ಮಾಡುವ ಮನೆಯ ಹಾಗೆ ಘಮಘಮ.

ಅಲ್ಲಿ ಒಂದು ಪ್ರಯೋಗ ಮಾಡಿದೆವು. ಒಂದೊಂದೇ ನೊಣವನ್ನು ಒಂದು ಹನಿ ದ್ರಾವಣದಲ್ಲಿ ಅರೆದು, ಆ ರಸವನ್ನು ಕಾಗದದ ಚೂರಿಗೆ ಹೀರಿಸಿ, ಪಿಷ್ಟದ ಜೆಲ್‌ನಲ್ಲಿ ಸಿಕ್ಕಿಸಿ, ತಣ್ಣಗಿನ ಜಾಗದಲ್ಲಿ ಗಂಟೆಗಟ್ಟಲೆ ಕರೆಂಟು ಹಾಯಿಸುವುದು. ಆಮೇಲೆ ತಂತಿಯಿಂದ ಜೆಲ್ಲನ್ನು ತೆಳ್ಳಗೆ ಸೀಳಿ, ಮದ್ಯಸಾರ ಮತ್ತು ಬಣ್ಣದ ದ್ರಾವಣದಲ್ಲಿ ಅದ್ದಿ ಕತ್ತಲೆಯಲ್ಲಿ ಇಡುವುದು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ, ಏನೂ ಇಲ್ಲದ ಬಿಳಿ ಜೆಲ್ ಮೇಲೆ ನೇರಳೆ ಬಣ್ಣದ ಗೆರೆಗಳು ಎದ್ದಿರುತ್ತಿದ್ದವು. ಒಂದು ನೊಣದ ಗೆರೆ ಮುಂದೆ, ಇನ್ನೊಂದರದ್ದು ಹಿಂದೆ. ಮದ್ಯಸಾರವನ್ನು ಒಡೆಯುವ ಕಿಣ್ವದ ಎರಡು ರೂಪ ಅವು. ಮುಂದೆ ಓಡುವುದು ಎಫ್, ಅಂದರೆ ಫಾಸ್ಟ್. ಹಿಂದುಳಿಯುವುದು ಎಸ್, ಸ್ಲೋ.

ಎಫ್ ರೂಪದ ನೊಣದಲ್ಲಿ ಈ ಕಿಣ್ವದ ಕೆಲಸ ಎಸ್‌ಗಿಂತ ಎರಡು ಮೂರು ಪಟ್ಟು ಜೋರು. ಕೊಳೆತ ಹಣ್ಣಿನಲ್ಲಿ ಮದ್ಯಸಾರ ಇದ್ದೇ ಇರುತ್ತದೆ, ಅದರಲ್ಲೇ ಇವುಗಳ ಮರಿ ಬೆಳೆಯಬೇಕು. ಹಾಗಾದರೆ ಎಫ್ ಒಳ್ಳೆಯದು, ಎಸ್ ಕೆಟ್ಟದ್ದು, ಅಲ್ವಾ? ನಾನು ಹಾಗೇ ಬರೆದುಕೊಟ್ಟಿದ್ದೆ. ನಮ್ಮ ಮೇಷ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಹಾಗಿದ್ದರೆ ಎಸ್ ಇನ್ನೂ ಯಾಕೆ ಉಳಿದಿದೆ?”

ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. ಈ ನೊಣಕ್ಕೆ ಬೆಚ್ಚಗಿನ ಜಾಗದಲ್ಲಿ ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು. ಎಸ್ ನಿಜವಾಗಿ ಕೆಟ್ಟದ್ದಾಗಿದ್ದರೆ ಯಾವತ್ತೋ ನಾಮಾವಶೇಷ ಆಗಬೇಕಿತ್ತು. ಆಗಿಲ್ಲ. ಯಾಕೆಂದರೆ ಎಸ್ ರೂಪ ಬಿಸಿಯನ್ನು ಎಫ್‌ಗಿಂತ ಚೆನ್ನಾಗಿ ತಡೆಯುತ್ತದೆ. ಸಮಭಾಜಕದ ಹತ್ತಿರದ ಬಿಸಿ ನಾಡುಗಳಲ್ಲಿ ಎಸ್ ಜಾಸ್ತಿ. ಅಲ್ಲಿಂದ ಉತ್ತರಕ್ಕೆ ಹೋಗಿ ಅಥವಾ ದಕ್ಷಿಣಕ್ಕೆ ಹೋಗಿ, ಚಳಿಯ ಕಡೆ ಹೋದ ಹಾಗೆ ಎಫ್ ಜಾಸ್ತಿ ಆಗುತ್ತ ಹೋಗುತ್ತದೆ. ಅಮೆರಿಕದಲ್ಲೂ ಹೀಗೇ, ಆಸ್ಟ್ರೇಲಿಯಾದಲ್ಲೂ ಹೀಗೇ. ನಮ್ಮ ದೇಶದ ನೊಣಗಳಲ್ಲೂ ದಕ್ಷಿಣದಿಂದ ಉತ್ತರಕ್ಕೆ ಇದೇ ಏರಿಕೆ ಸಿಕ್ಕಿದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಇಪ್ಪತ್ತು ವರ್ಷ ಬಿಟ್ಟು ಮತ್ತೆ ಎಣಿಸಿದಾಗ ಈ ಲೆಕ್ಕವೇ ಸರಿದಿತ್ತು. 2005ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಸರಿದದ್ದು ಸುಮಾರು ನಾಲ್ಕು ಡಿಗ್ರಿ ಅಕ್ಷಾಂಶದಷ್ಟು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮುಂಬಯಿಯ ನೊಣಗಳು ಇಪ್ಪತ್ತು ವರ್ಷದಲ್ಲಿ ಕಾರವಾರದ ನೊಣಗಳ ಹಾಗೆ ಆದಂತೆ. ಹವೆ ಬಿಸಿಯಾಗುತ್ತಿರುವುದು ನೊಣದ ಕಿಣ್ವಕ್ಕೆ ಗೊತ್ತಾಗಿದೆ.

ಎಫ್‌ಗೂ ಎಸ್‌ಗೂ ಇರುವ ವ್ಯತ್ಯಾಸ ಎಷ್ಟು ಗೊತ್ತೇ? 1983ರಲ್ಲಿ ಮಾರ್ಟಿನ್ ಕ್ರೈಟ್‌ಮನ್ ಎಂಬ ಯುವಕ ಬೇರೆ ಬೇರೆ ಊರುಗಳ ನೊಣಗಳಿಂದ ಈ ಜೀನಿನ 11 ಪ್ರತಿಗಳನ್ನು ಅಕ್ಷರ ಅಕ್ಷರ ಓದಿದ. 43 ಕಡೆ ವ್ಯತ್ಯಾಸ ಸಿಕ್ಕಿತು. ಅಷ್ಟರಲ್ಲಿ ಕಿಣ್ವವನ್ನೇ ಬದಲಿಸುವಂಥದ್ದು ಒಂದೇ ಒಂದು. ಕಿಣ್ವವೆಂಬ ಅಮೈನೋ ಆಮ್ಲಗಳ ಸರಪಳಿಯ 192ನೇ ಜಾಗದಲ್ಲಿ ಎಫ್‌ನಲ್ಲಿ ಥ್ರಿಯೊನಿನ್ ಇದ್ದರೆ ಎಸ್‌ನಲ್ಲಿ ಲೈಸಿನ್. ಆ ಪ್ರಬಂಧದ ಜೆರಾಕ್ಸ್ ಪ್ರತಿ ನಮ್ಮ ಕೈಗೆ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಸೇರಿಯಾಗಿತ್ತು. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುತ್ತ ಓದಿದ್ದು ನೆನಪಿದೆ.

ಇಲ್ಲಿ ಒಂದು ಮಾತು. ಜೀವಶಾಸ್ತ್ರದಲ್ಲಿ ‘ಫಿಟ್‌ನೆಸ್’ ಅಂದರೆ ಕಟ್ಟುಮಸ್ತು ಮೈ ಅಂತ ಅರ್ಥವಲ್ಲ. ಆ ಜಾಗದಲ್ಲಿ, ಆ ಹವೆಯಲ್ಲಿ, ಆ ಆಹಾರದಲ್ಲಿ ಬದುಕಿ ಎಷ್ಟು ಮರಿ ಉಳಿಸುತ್ತದೆ ಅನ್ನುವುದಷ್ಟೇ ಲೆಕ್ಕ. ಜಾಗ ಬದಲಾದರೆ ಲೆಕ್ಕವೂ ಬದಲು. ಹಾಗಂತ ಪ್ರತಿಯೊಂದು ವ್ಯತ್ಯಾಸಕ್ಕೂ ಲಾಭ ನಷ್ಟ ಹುಡುಕಬೇಕಾಗಿಲ್ಲ. 1966ರಲ್ಲಿ ಲೆವಾಂಟಿನ್ ಮತ್ತು ಹಬಿ ಎಂಬ ವಿಜ್ಞಾನಿಗಳು ಇದೇ ಜೆಲ್ ವಿಧಾನದಿಂದ ನೊಣಗಳಲ್ಲಿ ಎಷ್ಟೊಂದು ವೈವಿಧ್ಯ ಇದೆ ಎಂದು ತೋರಿಸಿದಾಗ ಎಲ್ಲರೂ ಬೆರಗಾದರು. ಎರಡೇ ವರ್ಷಕ್ಕೆ ಜಪಾನಿನ ಕಿಮುರಾ, ಇಂಥ ಬದಲಾವಣೆಗಳಲ್ಲಿ ಬಹುಪಾಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಸುಮ್ನೆ ಬಂದು ಸುಮ್ನೆ ಹೋಗುತ್ತವೆ ಎಂದರು. ಆ ವಾದ ದಶಕಗಟ್ಟಲೆ ನಡೆಯಿತು.

ಕಿಣ್ವ ಅರ್ಧ ಇದ್ದರೂ ಜೀವಕ್ಕೆ ಏನೂ ಆಗದಿರುವುದು ಹೇಗೆ ಎಂದು ಮಕ್ಕಳು ಕೇಳುತ್ತಿದ್ದರು. ನಾನು ಅವರಿಗೆ ತವರಿನ ಆಲೆಮನೆಯನ್ನು ಹೇಳುತ್ತಿದ್ದೆ. ಗಾಣದಲ್ಲಿ ಕಬ್ಬಿನ ಹಾಲು ತೆಗೆಯುತ್ತಾರೆ, ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ, ಹದ ಬಂದ ಮೇಲೆ ಇಳಿಸಿ ಡಬ್ಬಿಗೆ ತುಂಬುತ್ತಾರೆ. ಗಾಣ ಎರಡು ಪಟ್ಟು ಜೋರಾಗಿ ತಿರುಗಿದರೆ ಬೆಲ್ಲ ಎರಡು ಪಟ್ಟು ಆಗುತ್ತದೆಯೇ? ಇಲ್ಲ. ಒಲೆ ಇರುವುದು ಒಂದೇ. ಗಾಣ ಸ್ವಲ್ಪ ನಿಧಾನವಾದರೂ ಸಂಜೆಗೆ ಬೆಲ್ಲ ಹೆಚ್ಚು ಕಡಿಮೆ ಅಷ್ಟೇ. ದೇಹದಲ್ಲಿ ಕಿಣ್ವಗಳು ಹೀಗೇ ಒಂದರ ಹಿಂದೆ ಒಂದು ಸಾಲಾಗಿ ಕೆಲಸ ಮಾಡುತ್ತವೆ. ಒಂದರ ವೇಗ ಅರ್ಧವಾದರೂ ಕೊನೆಯಲ್ಲಿ ಬರುವ ಸರಕು ಬಹಳ ಕಡಿಮೆಯಾಗುವುದಿಲ್ಲ ಎಂದು ಕ್ಯಾಕ್ಸರ್ ಮತ್ತು ಬರ್ನ್ಸ್ ಎಂಬ ವಿಜ್ಞಾನಿಗಳು 1981ರಲ್ಲೇ ಲೆಕ್ಕ ಹಾಕಿ ತೋರಿಸಿದರು.

ಈಗ ನಮ್ಮ ಮನೆಯ ಕಿಣ್ವಕ್ಕೆ ಬರುತ್ತೇನೆ. ಜಿ6ಪಿಡಿ ನೊಣದಲ್ಲೂ ಇದೆ. ಅದರ ಜೀನ್ ಮನುಷ್ಯರಲ್ಲಿ ಇರುವಂತೆ ನೊಣದಲ್ಲೂ ಎಕ್ಸ್ ವರ್ಣತಂತುವಿನ ಮೇಲೆಯೇ ಇದೆ; ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ. ಸಕ್ಕರೆಯನ್ನು ಒಡೆಯುವ ಒಂದು ದಾರಿಯಲ್ಲಿ ಇದು ಮೊದಲ ಕಿಣ್ವ, 6ಪಿಜಿಡಿ ಎಂಬುದು ಅದರ ನಂತರದ್ದು. ಮೊದಲನೆಯದರ ಕೆಲಸದಿಂದ ಆಗುವ ಸರಕನ್ನು ಎರಡನೆಯದು ಮುಂದೆ ಸಾಗಿಸಬೇಕು. ಎರಡನೆಯದು ಪೂರ್ತಿ ಇಲ್ಲದ ನೊಣ ಸಾಯುತ್ತದೆ, ಮಧ್ಯದ ಸರಕು ಕೂಡಿ ಕೂಡಿ ವಿಷವಾಗುತ್ತದೆ. ಆದರೆ ಮೊದಲನೆಯದೂ ಇಲ್ಲದಿದ್ದರೆ? ಆ ನೊಣ ಬದುಕುತ್ತದೆ! 1970ರ ದಶಕದಲ್ಲೇ ಇದನ್ನು ಕಂಡಿದ್ದಾರೆ. ಕೊಪ್ಪರಿಗೆಯ ಹತ್ತಿರ ಇಳಿಸುವವರೇ ಇಲ್ಲದ ದಿನ, ಗಾಣ ನಿಂತಿದ್ದರೆ ಮನೆ ಉಳಿಯಿತು. 1984ರಲ್ಲಿ ವಾಲ್ಟರ್ ಈನ್ಸ್ ಎಂಬ ವಿಜ್ಞಾನಿ ಇದನ್ನೇ ಬಳಸಿಕೊಂಡು, ಕಾಡಿನ ನೊಣಗಳಲ್ಲಿ ಸಹಜವಾಗಿ ಇರುವ ಜಿ6ಪಿಡಿಯ ಎರಡು ರೂಪಗಳಲ್ಲಿ ಒಂದು ನಿಜವಾಗಿಯೂ ನಿಧಾನ ಎಂದು ತೋರಿಸಿದರು. ನಿಧಾನದ ರೂಪವೇ ಸಾಯಬೇಕಿದ್ದ ನೊಣಗಳನ್ನು ಉಳಿಸಿತ್ತು.

ಇದನ್ನು ಹೇಳಿದಾಗ ಮಗಳು ತಿರುಗಿ ಕೂತು, “ಇನ್ನೊಂದು ಸಲ ಹೇಳು ಆಯಿ” ಅಂದಳು.

ಮನುಷ್ಯರ ವಿಷಯಕ್ಕೆ ಬಂದರೆ, ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಲ್ಲಿ ಈ ಕಿಣ್ವ ಕಡಿಮೆ ಇದೆ. ಅಷ್ಟು ಜನರ ವಂಶವೂ ಕೆಟ್ಟದ್ದೇ? ಹಿಂದೆ ಮಲೇರಿಯಾ ಕಾಡಿದ ನಾಡುಗಳಲ್ಲೇ ಇದು ಹೆಚ್ಚು. ಜಿ6ಪಿಡಿ ಕಡಿಮೆ ಇರುವ ಕೆಂಪು ಕಣದಲ್ಲಿ ಮಲೇರಿಯಾದ ಜೀವಿಗೆ ಬೆಳೆಯುವುದು ಕಷ್ಟ. ರಕ್ತದ ಇಂಥ ವ್ಯತ್ಯಾಸಗಳನ್ನು ಮಲೇರಿಯಾ ಉಳಿಸಿರಬಹುದು ಎಂದು 1949ರಲ್ಲಿ ಬರೆದವರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು ಆಮೇಲೆ ನಮ್ಮ ದೇಶಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ನಮ್ಮ ಜಿಲ್ಲೆಯವರಿಗೆ ಮಲೇರಿಯಾ ಎಂದರೆ ಪುಸ್ತಕದ ವಿಷಯ ಅಲ್ಲ. ನನ್ನ ಅಜ್ಜಿ ಹೇಳುತ್ತಿದ್ದಳು, ಅವಳ ಕಾಲದಲ್ಲಿ ಘಟ್ಟದ ಮೇಲೆ ಮನೆಗೊಬ್ಬರು ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿರುತ್ತಿದ್ದರು, ಮಕ್ಕಳ ಹೊಟ್ಟೆಯಲ್ಲಿ ಎಡಗಡೆ ಗಡ್ಡೆ ಕೈಗೆ ಸಿಗುತ್ತಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಆಗಿನ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1946ರ ಹೊತ್ತಿಗೆ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಹಳ್ಳಿ ಮನೆಗಳ ಗೋಡೆಗೆ ಡಿಡಿಟಿ ಹೊಡೆಯುವ ಕೆಲಸ ನಡೆಯಿತು. ದೇಶದಲ್ಲಿ ಆ ಕೆಲಸದ ಮೊದಲ ಹೆಜ್ಜೆಗಳಲ್ಲಿ ಅದೊಂದು. ಪಂಪು ಹೊತ್ತು ಬಂದವರು, ಗೋಡೆಯ ಮೇಲೆ ಉಳಿದ ಬಿಳಿ ಹುಡಿ, ಎಲ್ಲ ಅಜ್ಜಿಗೆ ನೆನಪಿತ್ತು. ಈ ಡಿಡಿಟಿಯೂ ನೊಣದ ಕಥೆಗೆ ಸೇರುತ್ತದೆ. ಹಣ್ಣಿನ ನೊಣದಲ್ಲಿ ವಿಷ ಒಡೆಯುವ ಒಂದು ಕಿಣ್ವದ ಜೀನಿನ ಪಕ್ಕದಲ್ಲಿ ಹೊರಗಿನ ಒಂದು ಡಿಎನ್‌ಎ ತುಂಡು ಬಂದು ಕೂತು, ಕಿಣ್ವ ಜಾಸ್ತಿ ತಯಾರಾಗಿ, ನೊಣಕ್ಕೆ ಡಿಡಿಟಿ ತಡೆಯುವ ಶಕ್ತಿ ಬಂತು ಎಂದು 2002ರಲ್ಲಿ ಗೊತ್ತಾಯಿತು. ಪಕ್ಕದಲ್ಲಿ ತುಂಡೊಂದು ಸೇರಿದ್ದನ್ನು ಕೇಳಿದರೆ ಯಾರಾದರೂ ‘ದೋಷ’ ಅಂತಲೇ ಅನ್ನುತ್ತಿದ್ದರು.

ನನ್ನ ಅಣ್ಣ ಏಳನೇ ಇಯತ್ತೆಯಲ್ಲಿ ಇದ್ದಾಗ ಜ್ವರ ಬಂದು ಗುಳಿಗೆ ಕೊಟ್ಟಿದ್ದರು. ಎರಡನೇ ದಿನ ಅವನಿಗೆ ಮೂತ್ರ ಕಪ್ಪು ಚಾದ ಹಾಗೆ ಹೋಯಿತು. ಮುಖ ಬಿಳಿಚಿಕೊಂಡಿತು. ಉಷ್ಣವಾಗಿದೆ ಎಂದು ಆಯಿ ಮುರುಗಲು ಪಾನಕ, ಎಳನೀರು ಕೊಟ್ಟಳು, ಗುಳಿಗೆ ನಿಲ್ಲಿಸಿದಳು. ಉಳಿದ. ಮೊಮ್ಮಗನ ವಿಷಯ ಗೊತ್ತಾದ ಮೇಲೆ ಅಣ್ಣನಿಗೂ ಪರೀಕ್ಷೆ ಮಾಡಿಸಿದೆವು. ಒಂದು ಹನಿ ರಕ್ತಕ್ಕೆ ದ್ರಾವಣ ಬೆರೆಸಿ ಕಾಗದದ ಮೇಲೆ ಹಾಕಿ, ಕತ್ತಲಲ್ಲಿ ನೇರಳಾತೀತ ಬೆಳಕು ಬಿಡುತ್ತಾರೆ. ಪಕ್ಕದ ಚುಕ್ಕೆಗಳೆಲ್ಲ ತಿಳಿನೀಲಿಯಾಗಿ ಹೊಳೆದವು. ಅಣ್ಣನದು ಹೊಳೆಯಲಿಲ್ಲ. ಮೈಸೂರಿನ ಆ ಕತ್ತಲ ಕೋಣೆ, ಜೆಲ್ ಮೇಲೆ ಏಳುತ್ತಿದ್ದ ಗೆರೆ, ಎಲ್ಲ ನೆನಪಾಯಿತು. ಅಣ್ಣನಿಗೆ ಈಗ 71. ನಸುಕಿಗೇ ಎದ್ದು ಅಡಿಕೆ ತೋಟ ಸುತ್ತಿ ಬರುತ್ತಾನೆ. ಆ ಕಿಣ್ವದ ಕೊರತೆ ಇಷ್ಟು ವರ್ಷದಲ್ಲಿ ಅವನಿಗೆ ತೊಂದರೆ ಕೊಟ್ಟದ್ದು ಆ ಒಂದೇ ಸಲ, ಆ ಗುಳಿಗೆ ನುಂಗಿದಾಗ.

ಜಾಗ್ರತೆ ಬೇಡ ಎಂದು ನಾನು ಹೇಳುತ್ತಿಲ್ಲ. ಜಾಗ್ರತೆ ಬೇಕೇ ಬೇಕು, ಅದೇ ಸಿಗುತ್ತಿಲ್ಲ. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್, ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್ ಇಂಥವು ಈ ಮಕ್ಕಳ ಕೆಂಪು ಕಣಗಳನ್ನು ಒಡೆಯಬಲ್ಲವು. ಹಾಗೆಯೇ ಬಟ್ಟೆಗೆ ಹುಳ ಹಿಡಿಯದಂತೆ ಇಡುವ ನುಸಿಗುಳಿಗೆ. ಇದನ್ನು ಬರೆಯುವಾಗ ಕೈ ನಡುಗುತ್ತದೆ. ನಮ್ಮ ಕಡೆ ಎಳೆಮಗುವನ್ನು ಸುತ್ತಲು ಹಳೇ ನೂಲಿನ ಸೀರೆಯೇ ಆಗಬೇಕು, ಮೆತ್ತಗಿರುತ್ತದೆ. ಆಯಿಯ ಸೀರೆಯೊಂದನ್ನು ಕಬ್ಬಿಣದ ಟ್ರಂಕಿನಿಂದ ತೆಗೆದು ನಾನೇ ಆಸ್ಪತ್ರೆಗೆ ಒಯ್ದಿದ್ದೆ. ಟ್ರಂಕಿನ ನಾಲ್ಕೂ ಮೂಲೆಯಲ್ಲಿ ನ್ಯಾಫ್ತಲೀನ್ ಗುಳಿಗೆ. ಸೀರೆ ಬಿಚ್ಚಿದರೆ ಅದೇ ವಾಸನೆ. ಆ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದ್ದಕ್ಕೇ ಜಿ6ಪಿಡಿ ಕಡಿಮೆ ಇರುವ ಕೂಸುಗಳಿಗೆ ಕಾಮಾಲೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಜೀವಶಾಸ್ತ್ರ ಓದಿದ ನನಗೇ ಆ ಹೊತ್ತಿಗೆ ಹೊಳೆಯಲಿಲ್ಲ, ಯಾರೂ ಹೇಳಲೂ ಇಲ್ಲ. ಗೊತ್ತಾದ ದಿನ ಗುಳಿಗೆಗಳನ್ನೆಲ್ಲ ತೆಗೆದು, ಇದ್ದಬದ್ದ ಬಟ್ಟೆಯನ್ನು ಒಗೆದು, ವಾರವಿಡೀ ಬಿಸಿಲಿಗೆ ಹಾಕಿದೆ.

ಇನ್ನೊಂದು ಕಡೆ ಮಗಳು ಮೊಬೈಲಿನಲ್ಲಿ ಏನೋ ಓದಿ, ಅವರೆ, ಅಲಸಂದೆ, ಹೆಸರು ಎಲ್ಲವನ್ನೂ ಅಡುಗೆಯಿಂದ ಬಿಟ್ಟಿದ್ದಳು. ತೊಂದರೆ ಕೊಡುವುದು ಫಾವಾ ಎಂಬ ಬೇರೆಯೇ ಜಾತಿಯ ದೊಡ್ಡ ಕಾಳು. ಅದರಲ್ಲಿ ವೈಸಿನ್ ಎಂಬ ವಸ್ತು ಇದೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಅದು ಇಲ್ಲವೇ ಇಲ್ಲ. ವೈದ್ಯರನ್ನು ಕೇಳಿಕೊಂಡು ಮೊಮ್ಮಗನಿಗೆ ಈಗ ಹೆಸರುಬೇಳೆ ತೊವ್ವೆ ಕೊಡುತ್ತೇವೆ, ತಟ್ಟೆ ನೆಕ್ಕುತ್ತಾನೆ.

ಆ ಲೇಖನದ ಮುಂದಿನ ಕಂತು ಬರುವ ಭಾನುವಾರ ಇದೆ ಎಂದು ಅಡಿಯಲ್ಲಿ ಹಾಕಿದ್ದೀರಿ. ಅದರಲ್ಲಿ ‘ದೋಷಪೂರಿತ ಜೀನ್’ ಎಂಬಲ್ಲಿ ‘ಕಿಣ್ವದ ಕೆಲಸ ಕಡಿಮೆ ಇರುವ ಜೀನ್’ ಎಂದು ಬರೆಯಿರಿ. ಮೂರು ಪದ ಜಾಸ್ತಿಯಾಗುತ್ತದೆ, ಅಷ್ಟೇ. ಜೊತೆಗೆ ಒಂದು ಸಣ್ಣ ಚೌಕಟ್ಟಿನಲ್ಲಿ, ಒಬ್ಬ ಮಕ್ಕಳ ವೈದ್ಯರಿಗೆ ತೋರಿಸಿಕೊಂಡು, ಈ ಮಕ್ಕಳಿಗೆ ಯಾವ ಔಷಧ ಕೊಡಬಾರದು, ಮನೆಯಲ್ಲಿ ಯಾವುದನ್ನು ಇಡಬಾರದು ಎಂದು ಕನ್ನಡದಲ್ಲಿ ಹಾಕಿ. ಕತ್ತರಿಸಿ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳುವಷ್ಟು ದೊಡ್ಡದಿದ್ದರೆ ಸಾಕು. ನುಸಿಗುಳಿಗೆಯನ್ನು ಮೊದಲ ಸಾಲಿನಲ್ಲಿ ಹಾಕಿ. ಮಳೆಗಾಲ ಬರುತ್ತಿದೆ, ನಮ್ಮ ಕಡೆ ಎಲ್ಲ ಮನೆಯಲ್ಲೂ ಟ್ರಂಕಿಗೆ ಹಾಕುವ ಹೊತ್ತು ಇದು.

ಇಂತಿ ನಿಮ್ಮ ಓದುಗಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಕುಮಟಾ, ಉತ್ತರ ಕನ್ನಡ